ಧೂಳಮ್ಮ ಆಯಿ ಬೇಡವೆಂದ ನೀರು

ಹುಮನಾಬಾದಿನಲ್ಲಿ ಈ ಸಂಗತಿಯನ್ನು ಎರಡು ಬಗೆಯಾಗಿ ಹೇಳುವವರಿದ್ದಾರೆ. ಧೂಳಮ್ಮನೆಂಬ ಮುದುಕಿ ತುಂಬಿದ ಚರ್ಚಿನಲ್ಲಿ ಪಾಸ್ಟರರಿಗೆ ಅವಮಾನ ಮಾಡಿದಳೆಂದು ಕೆಲವರು ಹೇಳುತ್ತಾರೆ. ಪಾಸ್ಟರರೇ ಆಕೆಯನ್ನು ಹೊರಗೆ ಕಳಿಸಿದರೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡೂ ನಿಜವಲ್ಲ. ಆ ಭಾನುವಾರ ನಾನು ಅಲ್ಲಿಯೇ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ.

ಧೂಳಮ್ಮ ಬಸವಕಲ್ಯಾಣ ತಾಲೂಕಿನ ಮೋರಖಂಡಿಯವಳು. ಹೊಲವಿರಲಿಲ್ಲ. ಗಂಡ ಬೇಗನೆ ತೀರಿಕೊಂಡಿದ್ದ. ತೊಗರಿ ಕೊಯ್ಯುವುದು, ಜೋಳದ ತೆನೆ ಮುರಿಯುವುದು, ಕಳೆ ತೆಗೆಯುವುದು, ಹೀಗೆ ಕೂಲಿಯಲ್ಲಿಯೇ ಆಕೆಯ ಹಗಲು ಕಳೆಯುತ್ತಿತ್ತು. ಅದರ ಜೊತೆಗೆ ಆಕೆ ಹೆರಿಗೆ ಮಾಡಿಸುವ ದಾಯಿ. ಎಲ್ಲರೂ ಆಕೆಯನ್ನು ಆಯಿ, ಅಂದರೆ ಅವ್ವ, ಎಂದು ಕರೆಯುತ್ತಿದ್ದರು. ಮೋರಖಂಡಿಯಿಂದ ರಾಜೇಶ್ವರದವರೆಗೆ ಯಾವ ಓಣಿಯಲ್ಲಿ ಬೇನೆ ಶುರುವಾದರೂ ಆಕೆಗೆ ಕರೆ ಬರುತ್ತಿತ್ತು. ಲಿಂಗಾಯತರ ಮನೆ, ಮುಸಲ್ಮಾನರ ಮನೆ, ಬೌದ್ಧರ ಮನೆ, ಕ್ರೈಸ್ತರ ಮನೆ ಎಂಬ ಭೇದ ಆಕೆಯ ಕೈಗೆ ಇರಲಿಲ್ಲ. ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಒಳಗೆ ಹೋದಳೆಂದರೆ ಮನೆಯವರಿಗೆ ಅರ್ಧ ಧೈರ್ಯ ಬರುತ್ತಿತ್ತು.

ಆಕೆಯ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಆ ಕಾಲದಲ್ಲಿ ಕೂಸು ಸತ್ತು ಹುಟ್ಟಿದರೆ, ಇಲ್ಲವೆ ತಾಯಿಯೇ ಹೋಗಿಬಿಟ್ಟರೆ, ಮನೆಯವರು ಮೊದಲು ಹುಡುಕುತ್ತಿದ್ದುದು ಪಾಪವನ್ನು. ಹೋದ ಜನ್ಮದ ಕರ್ಮ ಎನ್ನುವರು, ಸೊಸೆಯ ಕಾಲ್ಗುಣ ಎನ್ನುವರು, ಯಾವುದೋ ದೇವರ ಸಿಟ್ಟು ಎನ್ನುವರು. ಧೂಳಮ್ಮ ಆ ಮಾತುಗಳನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಸತ್ತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಕಿವಿಯಲ್ಲಿ, "ನಿಂದೇನೂ ತಪ್ಪಿಲ್ಲ. ನಿನ್ನ ಮ್ಯಾಲ ಯಾರ್ದೂ ಸಿಟ್ಟಿಲ್ಲ. ಆರಾಮ ಹೋಗು" ಎಂದು ಹೇಳುವಳು. ಪ್ರಾಣ ಬಿಡುತ್ತಿದ್ದ ಬಾಣಂತಿಗೂ ಅದೇ ಮಾತು. ತಾನು ಹೇಳಿದರೆ ಸಾಲದು, ಮನೆಯವರೂ ಹೇಳಬೇಕು. ಹೇಳದಿದ್ದರೆ ಕೂಸನ್ನು ತೊಳೆಯುವುದಿಲ್ಲ.

ಒಮ್ಮೆ ಒಬ್ಬ ದೊಡ್ಡ ಮನೆತನದ ಅತ್ತೆ ಹಟ ಹಿಡಿದಳಂತೆ. "ನಾ ಯಾಕ ಅನ್ಲಿ? ಆಕಿ ಮಾಡಿದ್ದು ಆಕಿ ಉಂಡಾಳ" ಎಂದಳಂತೆ. ಧೂಳಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಮಧ್ಯಾಹ್ನವಾಯಿತು. ಓಣಿಯ ಜನ ಸೇರಿದರು. ಕೊನೆಗೆ ಆ ಅತ್ತೆ ಸಿಟ್ಟಿನಿಂದಲೇ ಆ ಮಾತನ್ನು ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅಕ್ಷರ ಕಲಿಯದ ಒಬ್ಬ ಕೂಲಿಯ ಹೆಂಗಸು ನಮ್ಮ ಸೀಮೆಯಲ್ಲಿ ಇಂಥದೊಂದು ಕಟ್ಟಳೆಯನ್ನು ನಲವತ್ತು ವರ್ಷ ನಡೆಸಿದಳೆಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಾಗುತ್ತದೆ.

ಶೇವಂತಾಬಾಯಿ ಹುಟ್ಟಿದ್ದೂ ಆಕೆಯ ಕೈಯಲ್ಲಿಯೇ. ಶೇವಂತಾಳ ತಂದೆತಾಯಿ ಮೋರಖಂಡಿಯ ಬಡ ಕ್ರೈಸ್ತರು. ಹೆತ್ತ ತಾಯಿ ಅಂದೇ ತೀರಿಕೊಂಡಳು. ಧೂಳಮ್ಮನ ಸ್ವಂತ ಎಳೆಗೂಸು ಅದೇ ವಾರ ಜ್ವರದಿಂದ ಹೋಗಿತ್ತು. ಮೈಯಲ್ಲಿ ಹಾಲು ಇನ್ನೂ ಇತ್ತು. ಆ ಹಾಲನ್ನು ಶೇವಂತಾಳಿಗೆ ಕುಡಿಸಿ ಏಳು ವರ್ಷ ಸಾಕಿದಳು. ಆಮೇಲೆ ತಂದೆ ಮಗಳನ್ನು ಕರೆದುಕೊಂಡು ಹುಮನಾಬಾದಿಗೆ ಬಂದ. ಅಲ್ಲಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ಆಗ ಆಕೆ ವಿದ್ಯಾರ್ಥಿನಿಯಾದಳು.

ಒಮ್ಮೆ ತರಗತಿಯಲ್ಲಿ ಬಣ್ಣದ ಸೀಮೆಸುಣ್ಣದ ಪೆಟ್ಟಿಗೆ ಕಾಣೆಯಾಯಿತು. ಕದ್ದವರು ಒಪ್ಪಿಕೊಳ್ಳುವ ತನಕ ಎಲ್ಲರೂ ಬಿಸಿಲಿನಲ್ಲಿ ನಿಲ್ಲಬೇಕೆಂದೆ. ಶೇವಂತಾ ಕೈ ಎತ್ತಿ, "ಮಾಸ್ತರ್ರೀ, ಒಬ್ರು ತಗೊಂಡಾರ. ನಲವತ್ತು ಮಂದಿ ಯಾಕ ಬೇಯಬೇಕ್ರಿ?" ಎಂದಳು. ನಾನು ಎಲ್ಲರನ್ನೂ ಒಳಗೆ ಕರೆದೆ. ಪೆಟ್ಟಿಗೆ ಸಿಗಲಿಲ್ಲ.

ದೊಡ್ಡವಳಾದ ಮೇಲೆ ಆಕೆ ಮೋರಖಂಡಿಗೆ ಹೋಗಿ ಬಂದು ಆಯಿಯ ಬಳಿ ಹೆರಿಗೆಯ ಕೆಲಸವನ್ನು ಕಲಿತಳು, ಸರಕಾರದ ತರಬೇತಿಯನ್ನೂ ಪಡೆದಳು. ಈಗ ಆಶಾ ಕಾರ್ಯಕರ್ತೆಯಾಗಿದ್ದಾಳೆ. ಗಂಡ ದೇವಿದಾಸ ಸರಕಿನ ಆಟೋ ಓಡಿಸುತ್ತಾನೆ. ಇಪ್ಪತ್ತಾರು ವರ್ಷಗಳಿಂದ ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮೂರು ವರ್ಷಗಳ ಹಿಂದೆ, ಮೊಣಕಾಲು ಹಿಡಿದು ಆಯಿ ಒಬ್ಬಳೇ ನಡೆಯಲಾರದಂತಾದಾಗ, ಮೋರಖಂಡಿಗೆ ಹೋಗಿ ಆಕೆಯನ್ನು ಆಟೋದಲ್ಲಿ ಮಂಚ ಸಮೇತ ಕರೆತಂದಳು.

ಎಂಬತ್ತನಾಲ್ಕರ ಆಯಿ ಪ್ರತಿ ಭಾನುವಾರ ಮಗಳ ಕೈ ಹಿಡಿದುಕೊಂಡು ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿ ಢೋಲಕ್ ಬಾರಿಸಿ ಹಾಡುವ ಕೀರ್ತನೆಗಳೆಂದರೆ ಆಕೆಗೆ ಇಷ್ಟ. ಮನೆಯಲ್ಲಿ ತನ್ನ ದೇವರ ಜಗಲಿಗೆ ಕುಂಕುಮವಿಡುವುದನ್ನೂ ಬಿಟ್ಟಿರಲಿಲ್ಲ. ಶಿಲುಬೆಯ ಚಿತ್ರವನ್ನು ಕಂಡಾಗ, "ಯೇಸಪ್ಪ ಭಾಳ ಛಲೋ ಮನುಷ್ಯಾ. ಅವರವ್ವನ ಕಣ್ಣಮುಂದ ಹಂಗ ಮಾಡಬಾರದಿತ್ತು ಆ ಮಂದಿ" ಎಂದು ಲೊಚಗುಟ್ಟುವಳು. ದೇವಿದಾಸ ನಕ್ಕು, "ಆಯಿ, ನಿಂದು ಎರಡೂ ಕಡೀ ಹಾಜರಿ ಅದ ಬಿಡು" ಎಂದರೆ, "ನಿಂದು ಒಂದು ಕಡೀನೂ ಇಲ್ಲಲ್ಲೋ" ಎಂದು ತಿರುಗಿ ಹೇಳುವಳು.

ಹೀಗೆ ನಡೆದಿದ್ದಾಗ ಹೊಸ ಪಾಸ್ಟರ್ ಬಂದರು. ಅಜೀತ ಎಂದು ಹೆಸರು, ಮೂವತ್ತರ ಆಸುಪಾಸಿನ ವಯಸ್ಸು. ಮೊದಲು ಚಿಟಗುಪ್ಪದಲ್ಲಿದ್ದರು. ಸುಳ್ಳು ಹೇಳದ, ಬಡವರ ಮನೆಗೆ ನಡೆದು ಹೋಗುವ ಒಳ್ಳೆಯ ಹುಡುಗ. ಕಲಿತದ್ದನ್ನು ಕಲಿತ ಹಾಗೆಯೇ ಹೇಳಬೇಕೆಂಬ ಹಟವಿತ್ತು.

ಒಂದು ಗುರುವಾರ ಶೇವಂತಾಳ ಮನೆಯಲ್ಲಿ ಪ್ರಾರ್ಥನೆಯ ಕೂಟ ನಡೆಯಿತು. ಪಾಸ್ಟರ್ ಅಂದು, ಕೆಟ್ಟ ಜನರನ್ನು ದೇವರು ನೀರಿನಲ್ಲಿ ಮುಳುಗಿಸಿದ ಜಲಪ್ರಳಯದ ಕಥೆಯನ್ನೂ ಸತ್ತವರಿಗೆಲ್ಲ ಆತ ಕೊಡುವ ಕಡೆಯ ತೀರ್ಪಿನ ಮಾತನ್ನೂ ಹೇಳಿದರು. ಅಲ್ಲಿ ನಡೆದುದನ್ನು ಶೇವಂತಾ ಮರುದಿನ ನನಗೆ ಹೇಳಿದಳು. ಮಂಚದ ಮೇಲೆ ಕುಳಿತಿದ್ದ ಆಯಿ ನಡುವೆ ಬಾಯಿ ಹಾಕಿದಳಂತೆ.

"ಪಾಸ್ಟರ್ ಸಾಬ, ದೇವರು ಊರೆಲ್ಲಾ ಮುಳುಗಿಸಿದ ಅಂದ್ರಲ್ಲ, ಆ ನೀರಾಗ ಬಸರ ಹೆಂಗಸ್ರು ಇದ್ದಿಲ್ಲೇನ್ರಿ?"

"ಇದ್ದಿರಬಹುದು ಆಯಿ. ಆದ್ರ ಆ ಜನ ಎಲ್ಲಾ ಕೆಟ್ಟುಹೋಗಿದ್ರು."

"ಹೊಟ್ಟ್ಯಾಗಿನ ಕೂಸು ಏನ್ ಕೆಟ್ಟಿತ್ರಿ?"

ಪಾಸ್ಟರ್ ತಾಳ್ಮೆಯಿಂದಲೇ ಉತ್ತರ ಕೊಟ್ಟರು. ಮೊದಲ ಮನುಷ್ಯನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಬಂದಿದೆ ಎಂದರು. ಎಳೆಯ ಕೂಸುಗಳ ವಿಷಯ ದೇವರೊಬ್ಬನಿಗೇ ಗೊತ್ತು, ಆದರೆ ಯೇಸುವನ್ನು ನಂಬದೆ ಸತ್ತ ದೊಡ್ಡವರಿಗೆ ಆರದ ಬೆಂಕಿ ಎಂದು ಗ್ರಂಥ ಹೇಳುತ್ತದೆ ಎಂದರು.

"ಅಂದ್ರ ಬಾಣಂತನದಾಗ ಸತ್ತವ್ರು? ಅವ್ರಿಗಿ ಯೇಸಪ್ಪನ ಹೆಸರೇ ಗೊತ್ತಿದ್ದಿಲ್ಲಲ್ರಿ."

ಪಾಸ್ಟರ್ ತಲೆ ತಗ್ಗಿಸಿದರು. "ನಾ ಏನ್ ಹೇಳ್ಲಿ ಆಯಿ, ಗ್ರಂಥದಾಗ ಹಂಗದ. ನಿಮಗ ಇನ್ನೂ ಟೈಮ್ ಅದ" ಎಂದು ಪ್ರೀತಿಯಿಂದಲೇ ಹೇಳಿದರು.

ಅಂದಿನಿಂದ ಆಯಿ ಊಟ ಬಿಟ್ಟಳು. ಶೇವಂತಾ ನನ್ನನ್ನು ಕರೆಯಲು ಬಂದಳು. "ಮಾಸ್ತರ್ರೀ, ನಿನ್ನಿಂದ ಏನೂ ಉಂಡಿಲ್ಲ. ಅಂಬಲಿ ಸುದ್ದಾ ಒಲ್ಲೆ ಅಂತಾಳ. ನೀವಾರೆ ಬಂದು ಹೇಳ್ರಿ."

ನಾನು ಹೋದೆ. ಆಯಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು.

"ಸಾವಿಗೆ ಅಂಜಿದಿಯೇನು ಆಯಿ?" ಎಂದು ಕೇಳಿದೆ.

"ಸಾವು ನೋಡಿ ನೋಡಿ ಬ್ಯಾಸರ ಬಂದದ. ಅದಕ್ಕೇನ ಅಂಜೋದು?" ಎಂದಳು. ಆಮೇಲೆ ಮೆಲ್ಲನೆ ತಿರುಗಿದಳು. "ರಾಜೇಶ್ವರದ ಮಾಣಿಕಮ್ಮ ನನ್ನ ತೊಡೀ ಮ್ಯಾಲ ಸತ್ಲು. ಹತ್ತೊಂಬತ್ತು ವರ್ಷ. 'ಆಯಿ, ನಂಗ ಏನಾಗ್ತದ' ಅಂತ ಕೇಳಿದ್ಲು. ಏನೂ ಆಗಾಂಗಿಲ್ಲ, ನಿನ್ನ ಮ್ಯಾಲ ಯಾರ್ದೂ ಸಿಟ್ಟಿಲ್ಲ ಅಂದೆ. ನಕ್ಕೋತ ಹ್ವಾದ್ಲು. ಅಂಥವ್ರು ಒಬ್ರೇನು ಇಬ್ರೇನು? ಈಗ ಅವರೆಲ್ಲಾ ಬೆಂಕ್ಯಾಗ ಇದ್ರ, ಸಾಯೋರ ಕಿವ್ಯಾಗ ನಾ ಸುಳ್ಳು ಹೇಳ್ದಂಗ ಆಯ್ತಿಲ್ರಿ ಮಾಸ್ತರ?"

ಮೂವತ್ತೈದು ವರ್ಷ ಪಾಠ ಹೇಳಿದವನು ಅಂಬಲಿಯ ಬಟ್ಟಲನ್ನು ಒಲೆಯ ಬಳಿಗೆ ಒಯ್ದಿಟ್ಟು ಮನೆಗೆ ಬಂದೆ.

ಶನಿವಾರ ಆಯಿ ಎದ್ದು ಕುಳಿತು, ತಾನು ದೀಕ್ಷಾಸ್ನಾನ ಮಾಡಿಸಿಕೊಳ್ಳುವುದಾಗಿ ಹೇಳಿದಳು. ತಲೆಯ ಮೇಲೆ ನೀರು ಹಾಕಿಸಿಕೊಂಡು ಕ್ರೈಸ್ತಳಾಗುವ ವಿಧಿಯದು. ಪಾಸ್ಟರ್ ಸಂತೋಷಪಟ್ಟರು. ಶೇವಂತಾ ಮಾತ್ರ ಸಂತೋಷಪಡಲಿಲ್ಲ. "ಅಂಜಿ ಬರಾಕತ್ತಾಳ್ರಿ. ಪ್ರೀತೀಲೆ ಬಂದಿದ್ರ ನಾನೇ ಹೊತ್ಕೊಂಡು ಹೋಗ್ತಿದ್ದೆ" ಎಂದು ನನ್ನೊಡನೆ ಹೇಳಿಕೊಂಡಳು. ಆದರೂ ಆಯಿಯ ಇಚ್ಛೆಗೆ ಅಡ್ಡ ಬರಲಿಲ್ಲ. ಭಾನುವಾರ ಬರಬೇಕೆಂದು ನನ್ನನ್ನೂ ಕರೆದಳು.

ಭಾನುವಾರ ಚರ್ಚು ತುಂಬಿತ್ತು. ಆಯಿ ಒಗೆದ ಹಸಿರು ಸೀರೆಯುಟ್ಟು, ಶೇವಂತಾಳ ತೋಳನ್ನು ಹಿಡಿದು ಮುಂದೆ ಹೋದಳು. ಪಾಸ್ಟರ್ ಹಿತ್ತಾಳೆಯ ಬಟ್ಟಲಿನಿಂದ ಬೊಗಸೆಯಲ್ಲಿ ನೀರು ತೆಗೆದುಕೊಂಡಾಗ ಆಕೆ, "ಜರಾ ತಡೀರಿ" ಎಂದು ಸೆರಗಿನ ತುದಿಯ ಗಂಟನ್ನು ಬಿಚ್ಚಿದಳು. ಒಳಗೆ ಜೋಳದ ಕಾಳುಗಳಿದ್ದವು.

"ನಲವತ್ತಮೂರು ಅವ್ರಿ. ಒಂದೊಂದಕ ಒಬ್ಬೊಬ್ರು. ಮಾಣಿಕಮ್ಮ ಇದ್ರಾಗ ಇದ್ದಾಳ. ಹೆಸರಿಡದ ಕೂಸುಗಳೂ ಅವ. ಮೊದಲ ಇವರಿಗೆ ನೀರು ಹಾಕ್ರಿ. ಕಡೀಕ ನಂಗ."

ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಲಾರದು. ಅಮಾವಾಸ್ಯೆಯಂದು ಸತ್ತವರ ಹೆಸರು ಹೇಳಿ ಎಡೆ ಇಟ್ಟರೆ ಅವರಿಗೆ ಮುಟ್ಟುತ್ತದೆಂದು ನಂಬುವ ಜನ ನಾವು. ಈ ನೀರೂ ಹಾಗೆಯೇ ಮುಟ್ಟುತ್ತದೆಂದು ಆಯಿ ತಿಳಿದಿದ್ದಳು. ಅದಕ್ಕಾಗಿಯೇ ಬಂದಿದ್ದಳು. ಅಲ್ಲಿಯವರೆಗೆ ಶೇವಂತಾಳಿಗೂ ಅದು ಗೊತ್ತಿರಲಿಲ್ಲ.

ಪಾಸ್ಟರರ ಬೆರಳುಗಳ ಸಂದಿಯಿಂದ ನೀರು ಸೋರಿತು. "ಆಯಿ, ಸತ್ತವ್ರಿಗೆ ಕೊಡಾಕ ಬರಾಂಗಿಲ್ಲ. ಜೀವ ಇದ್ದಾಗಷ್ಟೇ. ನಿಮಗೊಬ್ರಿಗೆ ಕೊಡ್ತೀನಿ."

"ನಾ ಒಬ್ಬಾಕಿ ಪಾರಾಗೋದೇನ್ರಿ?"

"ಹೌದು ಆಯಿ."

ಆಯಿ ಒಂದೊಂದೇ ಕಾಳನ್ನು ಎಣಿಸಿ ಮತ್ತೆ ಗಂಟು ಕಟ್ಟಿದಳು. "ಹಂಗಾದ್ರ ನಂಗೂ ಬ್ಯಾಡ್ರಿ. ಇವರಿಗೆ ನಾ ಮಾತು ಕೊಟ್ಟೀನಿ. ಇವರು ಎಲ್ಲಿದ್ರೂ ಅಲ್ಲೇ ಹೋಗ್ತೀನಿ. ತಪ್ಪು ತಿಳೀಬ್ಯಾಡ್ರಿ, ನೀವು ಛಲೋ ಮನುಷ್ಯಾ ಇದ್ದೀರಿ" ಎಂದು ಪಾಸ್ಟರರ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಅವಮಾನ ಮಾಡಿದಳೆನ್ನುವವರು ಈ ಒರೆಸಿದ್ದನ್ನು ಹೇಳುವುದೇ ಇಲ್ಲ.

ಆಯಿಯನ್ನು ಬೆಂಚಿನ ಮೇಲೆ ಕೂಡಿಸಿ ಶೇವಂತಾ ಎದ್ದು ನಿಂತಳು. "ನಾ ಸಾಕ್ಷಿ ಹೇಳ್ತೀನ್ರಿ" ಎಂದಳು. ಆರಾಧನೆಯ ನಡುವೆ ಯಾರಾದರೂ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಹೇಳುವ ರೂಢಿ ಆ ಸಭೆಯಲ್ಲಿದೆ. ಅದನ್ನು ಸಾಕ್ಷಿ ಎನ್ನುತ್ತಾರೆ. ಸಾಕ್ಷಿಗೆ ಎದ್ದವರನ್ನು ನಡುವೆ ತಡೆಯುವಂತಿಲ್ಲ. ಜ್ವರ ಬಿಟ್ಟದ್ದು, ಮಗನಿಗೆ ನೌಕರಿ ಸಿಕ್ಕಿದ್ದು, ಇಂಥವನ್ನೇ ಜನ ಹೇಳುತ್ತಿದ್ದರು.

"ನಾ ಹುಟ್ಟಿದ ದಿನಾನೇ ನಮ್ಮವ್ವ ಸತ್ಲು. ಈ ಆಯಿ ನಂಗ ಹಾಲು ಕುಡ್ಸಿದ್ಲು. ನಿಂದು ಯಾವ ದೇವರು ಅಂತ ಕೇಳ್ಲಿಲ್ಲ. ದೇವರು ನಂಗ ಮಾಡಿದ ಮೊದಲ್ನೇ ಉಪಕಾರ ಇದು, ಈ ಕೈಲೇ ಮಾಡ್ಸ್ಯಾನ. ಆ ಕೈ ಅವನೇ ಬೆಂಕ್ಯಾಗ ಹಾಕ್ತಾನಂದ್ರ ನನ್ನ ಕೈಲೆ ನಂಬಾಕ ಆಗಾಂಗಿಲ್ರಿ.

"ನಾ ಯೇಸಪ್ಪನ್ನ ಬಿಡಾಂಗಿಲ್ಲ. ಶಿಲುಬಿ ಮ್ಯಾಲ ತನಗ ಮೊಳೀ ಹೊಡದವ್ರ ಸಲುವಾಗೇ ಅವ ದೇವರ ಹತ್ರ ಮಾಫಿ ಕೇಳ್ದ. ಮೊಳೀ ಹೊಡದವ್ರಿಗೆ ಮಾಫಿ ಇದ್ದಮ್ಯಾಲ, ಹೆಸರೇ ಕೇಳದೆ ಸತ್ತ ಬಾಣಂತಿಗೆ ಯಾಕ ಇಲ್ರಿ?

"ಹುಟ್ಟಾ ಪಾಪ ಅಂತೀರಿ. ಇನ್ನೂರ ಮ್ಯಾಲ ಕೂಸು ಈ ಕೈಯಾಗ ಹಿಡದೀನಿ. ಮೈಮ್ಯಾಲ ರಕ್ತ ಇರ್ತದ, ಲೋಳಿ ಇರ್ತದ. ಪಾಪ ಒಂದರ ಮ್ಯಾಲೂ ನಾ ನೋಡಿಲ್ಲ. ಇಲ್ಲೇ ನಾ ಮಕ್ಕಳಿಗಿ ಕಲಸ್ತೀನಿ. ಗದ್ದಲ ಮಾಡಿದ್ರ ಮೂಲ್ಯಾಗ ನಿಂದರಸ್ತೀನಿ. ಹತ್ತು ನಿಮಿಷ ಆದಮ್ಯಾಲ ಬಾ ಅಂತೀನಿ. ಬಾ ಅನ್ನಾಕೇ ನಿಂದರಸೋದ್ರಿ. ಎಂದೆಂದೂ ಬಾ ಅನ್ನಾಂಗಿಲ್ಲ ಅಂದ್ರ ಅದು ಸಜಾ ಅಲ್ಲ, ಸೇಡು. ಸೇಡು ಮನುಷ್ಯಾಗೇ ಶೋಭಾ ಕೊಡಾಂಗಿಲ್ಲ, ದೇವರಿಗಿ ಹ್ಯಾಂಗ ಕೊಡ್ತದ?"

ಆಕೆ ಕೂರುವ ಮೊದಲೇ ಸಭೆಯ ಹಿರಿಯರಾದ ಮಹೇಶಕುಮಾರ ಎದ್ದರು. ಒರಟು ಮಾತಿನವರು, ಆದರೆ ಅವರ ಪ್ರಶ್ನೆ ಹಗುರವಾದುದಾಗಿರಲಿಲ್ಲ. "ಅಲ್ಲವ್ವಾ, ನಮ್ಮಪ್ಪನ ಅಪ್ಪ, ನಮ್ಮ ಮುತ್ಯಾ, ಒಡೇರ ಬಾವಿ ನೀರು ಮುಟ್ಟಿದ ಅಂತ ಅವನ್ನ ಹೊಡದು ಹೊಡದು ಕೊಂದ್ರು. ಹೊಡದಂವ ಮೆತ್ತನ ಗಾದಿ ಮ್ಯಾಲ ಸತ್ತ. ಇಲ್ಲಿ ಯಾವ ಕೋರ್ಟೂ ಕೇಳ್ಲಿಲ್ಲ. ಅಲ್ಲಾರೆ ಸಜಾ ಆಗೋದು ಬ್ಯಾಡೇನು?"

ಇಲ್ಲಿ ನ್ಯಾಯ ಸಿಗದವರಿಗೆ ಅಲ್ಲಿಯ ಬೆಂಕಿಯೇ ಕಡೆಯ ನ್ಯಾಯಾಲಯವಾಗಿರುತ್ತದೆ. ಅದು ನನಗೆ ಆಗ ತಿಳಿಯಿತು. ಶೇವಂತಾ ಏನು ಹೇಳುವಳೋ ಎಂದು ಬೆಂಚಿನಿಂದ ಮುಂದಕ್ಕೆ ಬಾಗಿದೆ.

"ಆಗ್ಲಿ ಅಣ್ಣಾ. ಸಜಾ ಬ್ಯಾಡ ಅಂತ ನಾ ಅಂದಿಲ್ಲ. ಎಷ್ಟು ಕೊಟ್ಟಾನೋ ಅಷ್ಟು ಉಣ್ಲಿ, ಬೇಕಾದ್ರ ಎರಡು ಪಟ್ಟು ಉಣ್ಲಿ. ಆದ್ರ ಅವ ಸುಟ್ಟು ಸುಟ್ಟು ಒದರೋದು ನೋಡಿ, ಸಾವಿರ ವರ್ಷ ಆದಮ್ಯಾಲ ಮುತ್ಯಾನೇ 'ಇನ್ನ ಸಾಕು, ಬಿಡ್ರಿ ಅವನ್ನ' ಅಂದ್ರ? ಮುತ್ಯಾಗಿಂತ ದೇವರ ಮನಸು ಸಣ್ಣದೇನು?"

"ಅಂತಿದ್ದ ಬಿಡು ಮುತ್ಯಾ. ಅನ್ನವನೇ ಇದ್ದ" ಎಂದು ಗೊಣಗಿ ಮಹೇಶಕುಮಾರರು ಕುಳಿತರು. ಪಾಸ್ಟರ್ ಕೀರ್ತನೆ ಎತ್ತಿಕೊಟ್ಟರು. ಆ ಹೆಣ್ಣುಮಗಳಿಗೆ ಅಕ್ಷರ ಕಲಿಸಿದವನು ನಾನು ಎಂದು ಪಕ್ಕದವನಿಗೆ ಹೇಳಬೇಕೆನಿಸಿತು, ಹೇಳಲಿಲ್ಲ. ಆ ಬುದ್ಧಿ ಆಯಿಯ ಹಾಲಿನಿಂದ ಬಂದದ್ದು.

ಎರಡು ಗುಟುಕು ಹಾಲು ಬಿಟ್ಟರೆ ಆಯಿ ಮಾತ್ರ ಇನ್ನೂ ಏನೂ ಮುಟ್ಟಲಿಲ್ಲ. "ನಾ ಅವರ ಸಂಗಾಟ ಹೋಗ್ತೀನಿ ಅಂದೆ, ಖರೇ. ಅವರು ಎಲ್ಲಿ ಹೋಗ್ಯಾರ ಅನ್ನೋದು ಗೊತ್ತಾಗವಲ್ದಲ್ಲ" ಎಂದಳು. ಮಗಳು ಎಷ್ಟು ವಾದಿಸಿದರೂ ಆ ಅಂಜಿಕೆ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ಪಾಸ್ಟರರ ಮೋಟಾರ್ ಸೈಕಲ್ ಶೇವಂತಾಳ ಮನೆಯ ಮುಂದೆ ನಿಂತಿತು. ಹಿಂದೆ ಅವರ ಹೆಂಡತಿ ಪೂನಂ ಇದ್ದಳು. ನಾನು ಅಂದು ಆಯಿಯನ್ನು ನೋಡಲು ಹೋಗಿದ್ದೆ. ಪೂನಂ ನೇರವಾಗಿ ಒಳಗೆ ಬಂದು ಮಂಚದ ಕಾಲಬದಿಯಲ್ಲಿ ಕುಳಿತಳು. ಪಾಸ್ಟರ್ ಹೆಲ್ಮೆಟನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲಿಯೇ ನಿಂತರು.

"ಆಯಿ, ಚಿಟಗುಪ್ಪದಾಗಿದ್ದಾಗ ನಂಗೊಂದು ಕೂಸಾಗಿತ್ರಿ. ಏಳು ತಿಂಗಳಿಗೇ ಆಯ್ತು. ಉಸಿರಿದ್ದಿಲ್ಲ. ಅರಿವ್ಯಾಗ ಸುತ್ತಿ ಒಯ್ದ್ರು, ನಾ ಮಾರಿ ಸುದ್ದಾ ನೋಡ್ಲಿಲ್ಲ" ಎಂದಳು. "ಅದು ಎಲ್ಲದ ಅಂತ ಇವರಿಗೆ ಕೇಳಿದ್ರ, ದೇವರ ಕೃಪಾದಾಗ ಅದ ಅಂತಾರ. ಅಂದು ಹೊರಗ ಹೋಗಿ ಅಳ್ತಾರ. ನೀವು ಹೇಳೋ ಮಾತು ಅದಕ್ಕ ಯಾರೂ ಹೇಳಿಲ್ಲ ಆಯಿ. ಈಗ ಹೇಳಾಕ ಬರ್ತದೇನ್ರಿ?"

ಆ ಮಾತು ನಿಜವೋ ಸುಳ್ಳೋ ಎಂದು ಐದಾರು ದಿನಗಳಿಂದ ಆಯಿಯೇ ಕೊರಗುತ್ತಿದ್ದಳು. ಈಗ ಬಾಯಿಬಿಟ್ಟರೆ ನಂಬಿ ಹೇಳಬೇಕು. ನಂಬದಿದ್ದರೆ ಈ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬೇಕು. ಶೇವಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು.

"ಗಂಡೋ ಹೆಣ್ಣೋ?" ಎಂದು ಆಯಿ ಕೇಳಿದಳು.

"ಹೆಣ್ಣು."

"ಶೇವಂತಾ, ಬಿಸಿನೀರು ತಾ."

ಆಯಿ ಎದ್ದು ಕುಳಿತು, ಹಿಂದೆ ಹೆರಿಗೆಯ ಮನೆಯಲ್ಲಿ ತೊಳೆದುಕೊಳ್ಳುತ್ತಿದ್ದ ಹಾಗೆಯೇ ಮೊಣಕೈವರೆಗೆ ಕೈ ತೊಳೆದುಕೊಂಡಳು. ಬರಿದಾದ ಮಡಿಲಿನಲ್ಲಿ ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಇಟ್ಟುಕೊಂಡು, ಅಲ್ಲಿ ಕೂಸು ಇದ್ದಂತೆಯೇ ಬಾಗಿ, ಆ ಮಾತನ್ನು ಹೇಳಿದಳು. ದನಿ ನಡುಗಲಿಲ್ಲ. ಪೂನಂ ಬಿಕ್ಕುತ್ತ ತಾನೂ ಹೇಳಿದಳು.

ಆಯಿ ಹೊಸ್ತಿಲಿನ ಕಡೆಗೆ ನೋಡಿದಳು. "ಅವರಪ್ಪನೂ ಅನ್ಬೇಕು."

"ಆಯಿ, ನಾ…" ಎಂದರು ಪಾಸ್ಟರ್.

"ನೀವು ಪಾಸ್ಟರ್ ಅಂತ ಕರ್ದಿಲ್ರಿ ನಾ. ಅಪ್ಪ ಅಂತ ಕರ್ದೀನಿ."

ಅವರು ಹೆಲ್ಮೆಟನ್ನು ಕೆಳಗಿಟ್ಟು, ಒಳಗೆ ಬಂದು, ಆ ಮುದುಕಿಯ ಬರಿದಾದ ಅಂಗೈಗಳ ಮುಂದೆ ಮಂಡಿಯೂರಿದರು. "ನಿಂದೇನೂ ತಪ್ಪಿಲ್ಲವ್ವಾ" ಎಂದರು. "ನಿನ್ನ ಮ್ಯಾಲ ಯಾರ್ದೂ… ಯಾರ್ದೂ ಸಿಟ್ಟಿಲ್ಲ."

ಆಯಿ ಅವರನ್ನೇ ನೋಡುತ್ತಿದ್ದಳು. "ಈಗ ಹೇಳ್ರಿ, ಇದು ಸುಳ್ಳೇನು?"

"ಅಲ್ಲ ಆಯಿ."

"ಮಾಣಿಕಮ್ಮಗ ಹೇಳಿದ್ದು?"

ಪಾಸ್ಟರ್ ಕಣ್ಣು ಒರೆಸಿಕೊಂಡರು. "ನಾ ಕಲಿತಿದ್ದು ಬ್ಯಾರೆ ಆಯಿ. ಆದ್ರ ನನ್ನ ಮಗಳಿಗಿ ಒಂದು ನ್ಯಾಯ, ಮಾಣಿಕಮ್ಮಗ ಒಂದು ನ್ಯಾಯ ಅಂತ ಅನ್ನಾಕ ನನ್ನ ಬಾಯಿ ಏಳವಲ್ದು."

"ಹಾಂ. ಅಷ್ಟಾದ್ರ ಆಯ್ತು" ಎಂದಳು ಆಯಿ. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಮಗಳ ಕಡೆಗೆ ತಿರುಗಿದಳು. "ಏನ್ ನಿಂತೀ ಗೊಂಬಿಹಂಗ? ಪುಂಡಿಪಲ್ಯ ಅದ ಇಲ್ಲೋ? ರೊಟ್ಟಿ ಬಡಿ. ಈ ಹುಡುಗೀನೂ ಬೆಳಿಗ್ಗಿಂದ ಏನೂ ಉಂಡಂಗ ಕಾಣಾಂಗಿಲ್ಲ."

ಅಂದು ಆಯಿ ಒಂದೂವರೆ ರೊಟ್ಟಿ ತಿಂದಳು. ಶೇವಂತಾ ರೊಟ್ಟಿ ಬಡಿಯುತ್ತಲೇ ಅಳುತ್ತಿದ್ದಳು. ದೇವಿದಾಸ ಒಳಗೆ ಬಂದು, "ಹಿಟ್ಟಿಗೆ ಉಪ್ಪು ಜಾಸ್ತಿ ಆಗ್ತದ ನೋಡು" ಎಂದು ಚೇಷ್ಟೆ ಮಾಡಿ ಬೈಸಿಕೊಂಡ.

ಶೇವಂತಾಳನ್ನು ಭಾನುವಾರದ ಶಾಲೆಯಿಂದ ಬಿಡಿಸಬೇಕೆಂದು ಒಂದಿಬ್ಬರು ಕೇಳಿದರಂತೆ. ಬಿಡಿಸುವುದಾದರೆ ತಮ್ಮ ಮೊಮ್ಮಕ್ಕಳೂ ಬರುವುದಿಲ್ಲವೆಂದು ಮಹೇಶಕುಮಾರರು ಹೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಪಾಸ್ಟರ್ ಅಜೀತ ಈಗಲೂ ತೀರ್ಪಿನ ವಿಷಯದಲ್ಲಿ ಪ್ರಸಂಗ ಮಾಡುತ್ತಾರೆ. ಆದರೆ ಬಾಗಿಲು ಎಂದೆಂದಿಗೂ ಮುಚ್ಚಿರುತ್ತದೆಂದು ಹೇಳುವುದನ್ನು ಬಿಟ್ಟಿದ್ದಾರೆ. ನನಗೆ ತಿಳಿಯದು ಎನ್ನುತ್ತಾರೆ. ವೇದಿಕೆಯ ಮೇಲೆ ನಿಂತು ಹಾಗೆ ಹೇಳುವುದು ಸುಲಭವಲ್ಲ.

ಆಯಿಗೆ ಈಗ ಎಂಬತ್ತೈದು ತುಂಬಿದೆ. ಚರ್ಚಿಗೆ ಮೊದಲಿನಂತೆಯೇ ಹೋಗುತ್ತಾಳೆ, ಢೋಲಕ್ಕಿನ ಹತ್ತಿರದ ಜಾಗದಲ್ಲಿಯೇ ಕೂರುತ್ತಾಳೆ. ಪೂನಂಗೆ ಮತ್ತೆ ದಿನಗಳು ತುಂಬುತ್ತಿವೆ. ವಾರಕ್ಕೊಮ್ಮೆ ಆಯಿಯ ಬಳಿಗೆ ಬರುತ್ತಾಳೆ. ಆಯಿ ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟು, "ತಲಿ ಕೆಳಗ ಬಂದದ, ಫಿಕರ್ ಮಾಡಬ್ಯಾಡ. ಹೆರಿಗಿ ಮಾತ್ರ ದವಾಖಾನ್ಯಾಗ ಮಾಡಸ್ಕೋ, ನನ್ನ ಕಣ್ಣು ಕಾಣಾಂಗಿಲ್ಲ" ಎನ್ನುತ್ತಾಳೆ.